ಮೋರೆಯಿಲ್ಲದ ಮಾತು

“ಬಂದಿರಾ?” ಎಂಬ ಒಂದೇ ಒಂದು ಮಾತನ್ನು ಎಷ್ಟು ಬಗೆಯಾಗಿ ಆಡಬಹುದೆಂಬುದನ್ನು ವಾಚಕರು ಎಂದಾದರೂ ಎಣಿಸಿ ನೋಡಿದ್ದಾರೆಯೆ? ಊರಿನಿಂದ ಬಂದ ತಂದೆಯವರನ್ನು ಬಾಗಿಲಲ್ಲಿ ಕಂಡು ಮಗಳು ಹೇಳುವ “ಬಂದಿರಾ” ಒಂದು. ಕಾಯಿಪಲ್ಯ ತರಲು ಹೋಗಿ ಎರಡು ಗಂಟೆ ಕಳೆದು ಬರಿಗೈಯಲ್ಲಿ ಹಿಂತಿರುಗಿದ ಗಂಡನಿಗೆ ಅಡಿಗೆಮನೆಯಿಂದ ಕೇಳಿಬರುವ “ಬಂದಿರಾ” ಇನ್ನೊಂದು. ತಿಂಗಳ ಮೊದಲ ವಾರದಲ್ಲಿ ಬಾಡಿಗೆಗೆಂದು ಬಂದ ಮನೆಯ ಮಾಲೀಕರಿಗೆ ನಾವು ನಗುನಗುತ್ತಾ ಹೇಳುವ “ಬಂದಿರಾ” ಮತ್ತೊಂದು. ಹನ್ನೊಂದು ಗಂಟೆಗೆ ಕಛೇರಿಯ ಹೊಸಿಲು ದಾಟಿದ ಗುಮಾಸ್ತನಿಗೆ ಮೇಲಧಿಕಾರಿಗಳು ಹೇಳುವುದು ಬೇರೆಯೇ ಒಂದು. ಅದರ ವರ್ಣನೆ ಇಲ್ಲಿ ಬೇಡ.

ಅಕ್ಷರಗಳು ಮೂರೇ. ಅವುಗಳಿಗೆ ಜೀವ ಕೊಡುವುದು ಆಡುವವರ ಕೊರಳು, ಹುಬ್ಬು, ತುಟಿ. ವಿಮಾನ ನಗರದಲ್ಲಿ ವಾಸವಾಗಿರುವ ನಮಗೆ ಈ ಪಾಠ ದಿನವೂ ಆಗುತ್ತಿರುತ್ತದೆ. ಲೋಹೆಗಾಂವದ ವಾಯುಪಡೆಯ ನಿಲ್ದಾಣ ನಮ್ಮ ಬಗಲಿನಲ್ಲಿಯೇ ಇರುವುದರಿಂದ, ಯುದ್ಧವಿಮಾನವೊಂದು ತಲೆಯ ಮೇಲೆ ಹಾದುಹೋಗುವಾಗ ಬೀದಿಯಲ್ಲಿ ನಿಂತು ಆಡುತ್ತಿದ್ದ ಮಾತು ತಾನಾಗಿ ನಿಂತುಬಿಡುತ್ತದೆ. ಆದರೆ ಸಂಭಾಷಣೆ ನಿಲ್ಲುವುದಿಲ್ಲ! ಎದುರಿಗಿದ್ದವರು ಹುಬ್ಬೇರಿಸಿ “ಏನು ಸಮಾಚಾರ?” ಎನ್ನುತ್ತಾರೆ, ನಾವು ಅಂಗೈ ತಿರುವಿ “ಇದ್ದದ್ದೇ” ಎನ್ನುತ್ತೇವೆ, ಅವರು ತುಟಿಯೋರೆ ಮಾಡಿ ಆಕಾಶ ನೋಡುತ್ತಾರೆ. ವಿಮಾನ ದಾಟಿಹೋಗುವಷ್ಟರಲ್ಲಿ ಇಬ್ಬರ ಸುಖದುಃಖವೂ ವಿನಿಮಯವಾಗಿರುತ್ತದೆ. ಅಲ್ಲಿ ಮಾತು ಹೋಗಿ ಮೋರೆ ಉಳಿದಿತ್ತು. ಆದುದರಿಂದ ಏನೂ ಕೆಡಲಿಲ್ಲ.

ಮೋರೆ ಹೋಗಿ ಮಾತೊಂದೇ ಉಳಿದಾಗ ಏನಾಗುತ್ತದೆ? ಅದನ್ನು ತಿಳಿಯಬೇಕಾದರೆ ಮೊಬೈಲು ಫೋನಿನಲ್ಲಿ ನಡೆಯುವ ಕನ್ನಡಿಗರ ಯಾವುದಾದರೂ ವಾಟ್ಸಾಪು ಬಳಗವನ್ನು ಒಂದು ವಾರ ನೋಡಬೇಕು. ನಮ್ಮ ಬಳಗದಲ್ಲಿ ನಡೆದ ಸಂಗತಿಯೊಂದನ್ನೇ ಹೇಳುತ್ತೇವೆ. ವನಭೋಜನಕ್ಕೆ ಯಾರು ಯಾರು ಏನೇನು ತರಬೇಕೆಂಬ ಚರ್ಚೆ ನಡೆದಿತ್ತು. ಒಬ್ಬ ಗೃಹಿಣಿ ತಾವು ಚಿತ್ರಾನ್ನ ತರುವುದಾಗಿ ಬರೆದರು. ಅದಕ್ಕೆ ಇನ್ನೊಬ್ಬರು, “ಹೋದ ವರ್ಷದ ನಿಮ್ಮ ಚಿತ್ರಾನ್ನವನ್ನು ಮರೆಯುವುದುಂಟೆ?” ಎಂದು ಉತ್ತರ ಬರೆದರು. ಬರೆದವರ ಬಾಯಲ್ಲಿ ನೀರೂರಿತ್ತು. ಓದಿದವರಿಗೆ ಹೋದ ವರ್ಷ ಉಪ್ಪು ಒಂದು ಹಿಡಿ ಹೆಚ್ಚಾದದ್ದು ನೆನಪಾಯಿತು. ಮುಂದೆ ಮೂರು ವಾರ ಎರಡು ಮನೆಗಳ ನಡುವೆ ಮಾತಿಲ್ಲ, ಕಥೆಯಿಲ್ಲ. ಆ ವಾಕ್ಯದ ಕೊನೆಗೆ ನಾಲಿಗೆ ಚಪ್ಪರಿಸುವ ಒಂದು ಪುಟ್ಟ ಹಳದಿ ಮುಖವನ್ನು ಅಂಟಿಸಿದ್ದರೆ ಈ ಅನರ್ಥ ಆಗುತ್ತಲೇ ಇರಲಿಲ್ಲ. ಎಮೋಜಿ ಎಂದು ಕರೆಯುವ ಆ ಚಿತ್ರಗಳ ಉಪಯೋಗ ಇದೇ: ಮೋರೆಯಿಲ್ಲದ ಮಾತಿಗೆ ಒಂದು ಮೋರೆಯನ್ನು ಕೊಡುವುದು.

ಇದನ್ನು ಕೇವಲ ಮಕ್ಕಳಾಟವೆಂದು ಮೂಗು ಮುರಿಯುವ ಹಿರಿಯರಿದ್ದಾರೆ. ಅವರಿಗೆ ನಮ್ಮದೊಂದು ವಿಜ್ಞಾಪನೆ. ಕಾಗದದ ಮೇಲೆ ಮಾತಿನ ಬಿಸುಪನ್ನು ಉಳಿಸುವ ಉಪಾಯಗಳನ್ನು ನಮ್ಮ ಹಿಂದಿನವರೂ ಹುಡುಕಿಕೊಂಡಿದ್ದರು. ಅಜ್ಜಂದಿರ ಕಾಗದ “ಉಭಯ ಕುಶಲೋಪರಿ” ಎಂದೇ ಆರಂಭವಾಗುತ್ತಿತ್ತು. ಆ ಮಾತಿನಲ್ಲಿ ಸುದ್ದಿ ಏನೂ ಇಲ್ಲ. ಆದರೆ ಅದನ್ನು ಕಂಡೊಡನೆ ಓದುವವರ ಎದೆ ಹಗುರವಾಗುತ್ತಿತ್ತು, ಗಾಬರಿಯ ವಿಷಯವಲ್ಲವೆಂದು. ಮದುವೆಯ ಕರೆಯೋಲೆಯ ನಾಲ್ಕು ಮೂಲೆಗಳಿಗೆ ಅರಿಸಿನ ಹಚ್ಚುತ್ತಿದ್ದರು. ಒಕ್ಕಣೆಯನ್ನು ಓದುವ ಮೊದಲೇ ಅದು ಮಂಗಳದ ಸುದ್ದಿಯೆಂದು ಓದಲು ಬಾರದ ಮುದುಕಿಗೂ ತಿಳಿಯುತ್ತಿತ್ತು. ಸಾವಿನ ಕಾಗದವನ್ನು ಓದಿದೊಡನೆ ಹರಿದುಹಾಕುತ್ತಿದ್ದರು.

ಸರಕಾರಿ ಕಛೇರಿಯಷ್ಟು ಮೋರೆಗೆಟ್ಟ ಬರವಣಿಗೆ ಲೋಕದಲ್ಲಿ ಇನ್ನೊಂದಿಲ್ಲವೆಂದು ಜನ ಹೇಳುತ್ತಾರೆ. ಅಲ್ಲಿಯೇ ಅನ್ನ ತಿನ್ನುವ ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿಯೂ ಕಡತದ ಮೇಲೆ ‘ತುರ್ತು’ ಎಂಬ ಬಣ್ಣದ ಚೀಟಿ ಸಿಕ್ಕಿಸುವ ಪದ್ಧತಿಯುಂಟು. ಒಳಗಿನ ಹಾಳೆ ಎಷ್ಟು ನಿರ್ಭಾವವಾಗಿದ್ದರೂ ಮೇಲಿನ ಚೀಟಿ ಹುಬ್ಬು ಗಂಟಿಕ್ಕಿಕೊಂಡು ಕುಳಿತಿರುತ್ತದೆ. ಅಧಿಕಾರಿಗಳು ಒಬ್ಬರಿಗೊಬ್ಬರು ಬರೆಯುವ ಅರೆಸರಕಾರಿ ಪತ್ರಗಳಲ್ಲಿ ಒಂದು ಸ್ವಾರಸ್ಯವನ್ನು ನಾವು ಗಮನಿಸಿದ್ದೇವೆ. ಪತ್ರವೆಲ್ಲ ಬೆರಳಚ್ಚಿನಲ್ಲಿರುತ್ತದೆ; ಆದರೆ ಮೇಲಿನ “ಪ್ರಿಯ ಶ್ರೀ ಇಂಥವರೆ” ಎಂಬ ಸಂಬೋಧನೆಯನ್ನೂ ಕೆಳಗಿನ ವಂದನೆಯನ್ನೂ ಬಹುಮಟ್ಟಿಗೆ ಸ್ವಂತ ಕೈಯಿಂದ ಶಾಯಿಯಲ್ಲಿ ಬರೆಯುತ್ತಾರೆ. ಏಕೆ? ಯಂತ್ರ ಬರೆದ ಮಾತಿನ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ತೋರಿಸಲು ಅಷ್ಟಾದರೂ ಬೇಕು.

ಇನ್ನು ತಂತಿಯ ವಿಷಯ. ನಮ್ಮ ದೇಶದಲ್ಲಿ ತಂತಿಯ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಅದು ನಡೆಯುತ್ತಿದ್ದ ಕಾಲದಲ್ಲಿ ಶುಭಾಶಯಗಳಿಗೆ ಕ್ರಮಸಂಖ್ಯೆಗಳಿದ್ದವು. ದೀಪಾವಳಿಗೊಂದು, ಮದುವೆಗೊಂದು, ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಒಂದು. ಈ ಕಡೆಯ ಅಂಚೆಕಛೇರಿಯಲ್ಲಿ ಸಂಖ್ಯೆಯನ್ನು ಬರೆದುಕೊಟ್ಟರಾಯಿತು. ಆ ಕಡೆಯ ಅಂಚೆಕಛೇರಿಯವರು ಆ ಸಂಖ್ಯೆಗೆ ಗೊತ್ತಾದ ವಾಕ್ಯವನ್ನು ಪೂರ್ತಿಯಾಗಿ ಬರೆದು ತಲುಪಿಸುತ್ತಿದ್ದರು. ಕಾಸೂ ಉಳಿತಾಯ, ಸೌಜನ್ಯವೂ ಸಂದಾಯ. ಈ ಸಂಖ್ಯೆಯ ಸಂಗತಿಯನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಗ ಎಮೋಜಿಯ ಜಾತಕವನ್ನು ನೋಡೋಣ. ಅದರ ಹಿರಿಯಣ್ಣ ಹುಟ್ಟಿದ್ದು ಅಮೆರಿಕೆಯ ಪಿಟ್ಸ್‌ಬರ್ಗಿನಲ್ಲಿ, ೧೯೮೨ರ ಸೆಪ್ಟೆಂಬರ್ ೧೯ರಂದು. ಅಲ್ಲಿಯ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿದ್ವಾಂಸರು ಗಣಕಯಂತ್ರದ ಮೂಲಕ ಒಬ್ಬರಿಗೊಬ್ಬರು ಬರೆದುಕೊಳ್ಳುವಾಗ ತಮಾಷೆಗೆ ಬರೆದುದನ್ನು ನಿಜವೆಂದು ನಂಬಿ ಜಗಳವಾಗುತ್ತಿತ್ತಂತೆ. ಸ್ಕಾಟ್ ಫಾಲ್ಮನ್ ಎಂಬ ಪ್ರಾಧ್ಯಾಪಕರು, ತಮಾಷೆಯ ಮಾತಿನ ಮುಂದೆ ಎರಡು ಚುಕ್ಕೆ, ಒಂದು ಅಡ್ಡಗೆರೆ, ಒಂದು ಕಂಸ ಹಾಕಿರೆಂದು ಸಲಹೆಯಿತ್ತರು. ತಲೆಯನ್ನು ಎಡಕ್ಕೆ ವಾಲಿಸಿ ನೋಡಿದರೆ ಅದು ನಗುವ ಮುಖ. ನೋಡಿರಿ, ಆ ಮಹಾಪಂಡಿತರ ತೊಂದರೆಯೂ ನಮ್ಮ ಚಿತ್ರಾನ್ನದ ತೊಂದರೆಯೂ ಒಂದೇ!

ಚಿತ್ರಗಳು ಬಂದದ್ದು ಜಪಾನಿನಿಂದ. ‘ಎ’ ಎಂದರೆ ಚಿತ್ರ, ‘ಮೋಜಿ’ ಎಂದರೆ ಅಕ್ಷರ. ಹೆಸರಿನಲ್ಲಿ ನಮ್ಮ ‘ಮೋಜು’ ಕೇಳಿಸುವುದು ಕೇವಲ ಆಕಸ್ಮಿಕ. ಎನ್‌ಟಿಟಿ ಡೊಕೊಮೊ ಎಂಬ ದೂರವಾಣಿ ಕಂಪೆನಿಯಲ್ಲಿದ್ದ ಶಿಗೆತಾಕ ಕುರಿತ ಎಂಬುವರು ೧೯೯೯ರಲ್ಲಿ ೧೭೬ ಚಿತ್ರಗಳನ್ನು ರಚಿಸಿದರು. ಒಂದೊಂದು ಚಿತ್ರಕ್ಕೂ ಅವರಿಗೆ ಸಿಕ್ಕಿದ ಜಾಗ ಉದ್ದಕ್ಕೆ ೧೨ ಚುಕ್ಕೆ, ಅಗಲಕ್ಕೆ ೧೨ ಚುಕ್ಕೆ. ನಮ್ಮ ತಾಯಂದಿರು ಬಾಗಿಲ ಮುಂದೆ ಚುಕ್ಕಿಯಿಟ್ಟು ರಂಗೋಲಿ ಬಿಡುವ ಲೆಕ್ಕಾಚಾರವೇ ಅದು. ಸೂರ್ಯ, ಛತ್ರಿ, ಹೃದಯ, ನಗುವ ಮುಖ ಎಲ್ಲವೂ ಅಷ್ಟರಲ್ಲಿಯೇ. ೨೦೧೬ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯ ಆ ೧೭೬ ಚಿತ್ರಗಳನ್ನೂ ತನ್ನದಾಗಿ ಮಾಡಿಕೊಂಡಿತು. ಅದಕ್ಕೆ ಮೊದಲೇ, ೨೦೧೫ರಲ್ಲಿ, ಆಕ್ಸ್‌ಫರ್ಡ್ ನಿಘಂಟಿನವರು ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖವನ್ನು ಆ ವರ್ಷದ ‘ಪದ’ವೆಂದು ಸಾರಿದ್ದರು. ಪದವೇ ಅಲ್ಲದ್ದಕ್ಕೆ ಪದದ ಪಟ್ಟ! ೨೦೧೯ರಲ್ಲಿ ಸೀರೆ, ಹಣತೆ, ಆಟೋರಿಕ್ಷಾಗಳೂ ಈ ಮಾಲೆಯಲ್ಲಿ ಸೇರಿದುದರಿಂದ ನಮ್ಮ ಹೆಂಗಸರಿಗೂ ದೀಪಾವಳಿಗೂ ಅನುಕೂಲವಾಯಿತು. ಈಗ ಒಟ್ಟು ಚಿತ್ರಗಳು ೩,೫೦೦ಕ್ಕೂ ಹೆಚ್ಚು.

ಈ ಚಿತ್ರಗಳು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವ ಬಗೆ ಮಾತ್ರ ಬಹು ಸ್ವಾರಸ್ಯವಾದದ್ದು. ಲೋಕದ ಬಹುಪಾಲು ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ದೊಡ್ಡ ದಫ್ತರವುಂಟು. ಅದರಲ್ಲಿ ನಮ್ಮ ‘ಕ’ಕಾರದ ಸಂಖ್ಯೆ ೩೨೨೧. ೨೦೧೦ರಲ್ಲಿ ಎಮೋಜಿಗಳನ್ನೂ ಅದೇ ದಫ್ತರದಲ್ಲಿ ದಾಖಲು ಮಾಡಿದರು. ನಕ್ಕು ಅಳುವ ಮುಖಕ್ಕೆ ೧೨೮೫೧೪. ಮುಗಿದ ಕೈಗಳಿಗೆ ೧೨೮೫೯೧. ನಾವು ಕೈಮುಗಿಯುವ ಚಿತ್ರವನ್ನು ಒತ್ತಿದಾಗ ಚಿತ್ರವೇನೂ ಪ್ರಯಾಣ ಮಾಡುವುದಿಲ್ಲ. ಆ ಸಂಖ್ಯೆ ಮಾತ್ರ ಹೋಗುತ್ತದೆ. ಆ ಕಡೆಯ ಫೋನು ಸಂಖ್ಯೆಯನ್ನು ನೋಡಿ ತನ್ನಲ್ಲಿರುವ ಚಿತ್ರವನ್ನು ತೆಗೆದು ತೋರಿಸುತ್ತದೆ. ವಾಚಕರಿಗೆ ತಂತಿಯ ಶುಭಾಶಯ ನೆನಪಿಗೆ ಬಂತಲ್ಲವೆ?

ಸಂಖ್ಯೆ ಒಂದೇ ಆದರೂ ಚಿತ್ರ ಬರೆಯುವ ಕೈ ಬೇರೆ ಬೇರೆ ಕಂಪೆನಿಯದು. ಹಾಗಾಗಿ ಅಪಾರ್ಥಕ್ಕೆ ಇಲ್ಲಿಯೂ ಎಡೆಯುಂಟು. ಅಮೆರಿಕೆಯ ಮಿನಸೋಟ ವಿಶ್ವವಿದ್ಯಾಲಯದವರು ೨೦೧೬ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಹಲ್ಲು ಬಿಟ್ಟು ನಗುವ ಮುಖವೊಂದು ಒಂದು ಕಂಪೆನಿಯ ಫೋನಿನಲ್ಲಿ ಸಂತೋಷದಿಂದ ಬೀಗುವಂತೆ ಕಂಡರೆ, ಇನ್ನೊಂದರಲ್ಲಿ ಹಲ್ಲುಕಚ್ಚಿ ಸಿಟ್ಟು ನುಂಗುವಂತೆ ಕಂಡಿತು. ಚಿತ್ರ ಒಂದೇ ಆಗಿದ್ದಾಗಲೂ, ಅದು ಹರ್ಷವೋ ಬೇಸರವೋ ಎಂಬುದರಲ್ಲಿ ನಾಲ್ಕರಲ್ಲಿ ಒಂದು ಪಾಲು ಸಲ ನೋಡಿದವರೊಳಗೆ ಒಮ್ಮತವಿರಲಿಲ್ಲ. ಇದರ ಜೊತೆಗೆ ದೇಶಾಚಾರ ಬೇರೆ. ಮೂಗಿನ ಬಳಿ ಹನಿಯಿರುವ ಮುಖವನ್ನು ಕಂಡು ನಾವು “ಅಯ್ಯೋ, ಅಳುತ್ತಿದ್ದಾರೆ” ಎಂದುಕೊಳ್ಳುತ್ತೇವೆ. ಜಪಾನಿನ ಚಿತ್ರಕಥೆಗಳಲ್ಲಿ ಅದು ಗಾಢನಿದ್ರೆಯ ಗುರುತು! ಮೂಗಿನಿಂದ ಹೊಗೆ ಬಿಡುವ ಮುಖ ನಮಗೆ ದೂರ್ವಾಸ. ಅವರಿಗೆ ಗೆದ್ದು ಬೀಗುವ ವೀರ.

ಇನ್ನು ಹೆಬ್ಬೆರಳಿನ ಮಾತು. ನಮ್ಮ ಕಡೆ ‘ಹೆಬ್ಬೆಟ್ಟು’ ಎಂದರೆ ಓದುಬರಹ ಬಾರದವನೆಂದು ಅರ್ಥ. ರುಜು ಮಾಡಲು ಬಾರದವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಬಿ.ಎ. ಪಾಸು ಮಾಡಿದ ನಾವೂ, ಎಂಜಿನಿಯರುಗಳಾದ ನಮ್ಮ ನೆರೆಯವರೂ ದಿನಕ್ಕೆ ಇಪ್ಪತ್ತು ಸಲ ಹೆಬ್ಬೆಟ್ಟು ಒತ್ತುತ್ತೇವೆ. ಅದರ ಭಾರ ಎಷ್ಟೆಂಬುದನ್ನು ನ್ಯಾಯಾಲಯಗಳೂ ತೂಗಿ ನೋಡಬೇಕಾಗಿ ಬಂದಿದೆ. ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದಲ್ಲಿ ಧಾನ್ಯದ ವ್ಯಾಪಾರಿಗಳು ಅಗಸೆಯ ಬೀಜದ ಕರಾರುಪತ್ರವನ್ನು ಫೋನಿನಲ್ಲಿ ಕಳಿಸಿ ಒಪ್ಪಿಗೆ ಕೇಳಿದರು, ರೈತ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ, ಮಾಲು ಕಳಿಸಲಿಲ್ಲ. “ಪತ್ರ ತಲುಪಿತೆಂದು ಮಾತ್ರ ನಾನು ಹೇಳಿದ್ದು” ಎಂದು ಅವನ ವಾದ. ೨೦೨೩ರಲ್ಲಿ ನ್ಯಾಯಾಲಯ ಅದನ್ನು ರುಜುವೆಂದೇ ಎಣಿಸಿ, ೮೨,೦೦೦ ಡಾಲರಿಗೂ ಮಿಕ್ಕಿ ನಷ್ಟಪರಿಹಾರ ತೆರುವಂತೆ ತೀರ್ಪಿತ್ತಿತು.

ನಮ್ಮ ದೇಶದ ಸಂಗತಿ ಇನ್ನೂ ಹತ್ತಿರದ್ದು, ಸರಕಾರಿ ನೌಕರರಾದ ನಮಗಂತೂ ಮೈ ಜುಮ್ಮೆನ್ನಿಸುವಂಥದು. ಮೇಘಾಲಯದಲ್ಲಿ ರೈಲ್ವೆ ರಕ್ಷಣಾದಳದ ಅಧಿಕಾರಿಯೊಬ್ಬರ ಕೊಲೆಯಾಗಿತ್ತು. ಆ ಸುದ್ದಿ ದಳದ ವಾಟ್ಸಾಪು ಬಳಗಕ್ಕೆ ಬಂದಾಗ ಕಾನ್‌ಸ್ಟೇಬಲ್ ಒಬ್ಬರು ಅದರ ಕೆಳಗೆ ಹೆಬ್ಬೆರಳನ್ನು ಒತ್ತಿದರು. ಕೊಲೆಯನ್ನು ಮೆಚ್ಚಿದನೆಂದು ಅವರನ್ನು ಕೆಲಸದಿಂದ ತೆಗೆದುಹಾಕಿದರು. ಸುದ್ದಿಯನ್ನು ನೋಡಿದೆನೆಂಬ ಅರ್ಥದಲ್ಲಿ ಒತ್ತಿದೆನೆಂದು ಅವರ ಅಳಲು. ೨೦೨೪ರಲ್ಲಿ ಮದರಾಸಿನ ಉಚ್ಚ ನ್ಯಾಯಾಲಯ ಆ ಮಾತನ್ನು ಒಪ್ಪಿ, ಹೆಬ್ಬೆರಳು ‘ಸರಿ’ ಎಂಬುದಕ್ಕೆ ಬದಲಾಗಿ ಬಂದಿರಬಹುದು, ಅದನ್ನು ಕೊಲೆಯ ಸಂಭ್ರಮವೆಂದು ಹೇಳಲಾಗದು ಎಂದಿತು. ಅವರಿಗೆ ಕೆಲಸ ಉಳಿಯಿತು. ಒಂದು ಕಡೆ ಹೆಬ್ಬೆರಳೆಂದರೆ ಕರಾರು, ಇನ್ನೊಂದು ಕಡೆ ಹೆಬ್ಬೆರಳೆಂದರೆ ಕೇವಲ ‘ನೋಡಿದೆ’. ಎರಡು ತೀರ್ಪುಗಳೂ ತಮ್ಮ ತಮ್ಮ ಸಂದರ್ಭದಲ್ಲಿ ಸರಿಯೇ ಇರಬಹುದು. ಆದರೆ “ನೋಡಿದೆ, ತುಂಬ ದುಃಖವಾಯಿತು” ಎಂಬ ಮೂರು ಪದ ಬರೆದಿದ್ದರೆ ಆ ಬಡಪಾಯಿ ಅಷ್ಟು ವರ್ಷ ಅಲೆಯಬೇಕಾಗುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದರೂ, ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳಿಗೆ ಈ ಬೊಂಬೆ ಮುಖಗಳು ಮಾಡಿರುವ ಉಪಕಾರ ಸಣ್ಣದಲ್ಲ. ಪುಣೆಯಲ್ಲಿ ಬೆಳೆಯುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷನ್ನೂ ದೇವನಾಗರಿಯನ್ನೂ ಕಲಿಯುತ್ತಾರೆ. ಮನೆಯಲ್ಲಿ ಕನ್ನಡ ಆಡುತ್ತಾರೆ, ಅಕ್ಷರ ಬಾರದು. ಊರಿನಲ್ಲಿರುವ ಅಜ್ಜಿಗೆ ಕನ್ನಡದ ಅಕ್ಷರ ಬಿಟ್ಟು ಬೇರೆ ಬಾರದು. ಇವರಿಬ್ಬರ ನಡುವೆ ಓಡಾಡುವ ಲಿಪಿ ಯಾವುದು? ಈ ಹಳದಿ ಮುಖಗಳೇ. ಧಾರವಾಡದಲ್ಲಿರುವ ನಮ್ಮ ಅತ್ತೆಯವರು ಬೆಳಗ್ಗೆ ಎದ್ದು ಮೊಮ್ಮಗಳಿಗೆ ಒಂದು ಸೂರ್ಯ, ಎರಡು ದಾಸವಾಳ, ಒಂದು ಹಣತೆ ಕಳಿಸುತ್ತಾರೆ. ಅವಳು ಒಂದು ಬೆಕ್ಕಿನ ಮರಿ, ಒಂದು ಹೃದಯ, ನಿದ್ದೆಗಣ್ಣಿನ ಒಂದು ಮುಖ ಕಳಿಸುತ್ತಾಳೆ. ಶಾಲೆಗೆ ಹೋಗುವ ಮುಂಚೆ ಇಬ್ಬರಿಗೂ ತೃಪ್ತಿ. ಇದನ್ನು ಬೇಡವೆನ್ನಲು ನಮಗೆ ಬಾಯಿ ಬಾರದು.

ಆದರೆ ಚಿತ್ರ ಎಲ್ಲಿಯವರೆಗೆ ಬರಬಲ್ಲುದು, ಎಲ್ಲಿ ನಿಂತುಬಿಡುತ್ತದೆ ಎಂಬುದನ್ನು ಹೋದ ಮಳೆಗಾಲದಲ್ಲಿ ಕಂಡೆವು. ನಮ್ಮ ಬಡಾವಣೆಯಲ್ಲಿ, ಮಗನ ಆಸರೆಯಲ್ಲಿರಲು ಊರಿನ ಮನೆ ಮುಚ್ಚಿ ಬಂದ ಹಿರಿಯರೊಬ್ಬರಿದ್ದಾರೆ. ಅವರ ಮಡದಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡರು. ಸುದ್ದಿ ಬಳಗದಲ್ಲಿ ಬಂದ ಒಂದು ಗಂಟೆಯೊಳಗೆ ಮುಗಿದ ಕೈಗಳು ಸಾಲಾಗಿ ಬಂದು ನಿಂತವು. ಕರ್ಮಗಳೆಲ್ಲ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ ನಾವು ಅವರನ್ನು ನೋಡಲು ಹೋದೆವು. ಅವರು ಬಹಳ ಹೊತ್ತು ಏನೂ ಆಡಲಿಲ್ಲ. ಬಳಿಕ ಫೋನನ್ನು ನಮ್ಮ ಕೈಗೆ ಕೊಟ್ಟು ಹೇಳಿದರು:

“ಇದರಲ್ಲಿ ಅರವತ್ತೊಂದು ಜೊತೆ ಕೈಗಳಿವೆ, ನೋಡಿ. ರಾತ್ರಿ ನಿದ್ದೆ ಬರುವುದಿಲ್ಲವಲ್ಲ, ಎಣಿಸಿದೆ. ಮುಗಿದವರೆಲ್ಲ ಸಜ್ಜನರೇ, ಇಲ್ಲವೆನ್ನುವುದಿಲ್ಲ. ಆದರೆ ಎಲ್ಲ ಕೈಗಳೂ ಒಂದೇ ಥರ ಇವೆ. ಅವಳ ಕೈಯಲ್ಲಿ ಊಟ ಮಾಡಿದ ಕೈ ಯಾವುದು, ಅವಳನ್ನು ನೋಡೇ ಇಲ್ಲದ ಕೈ ಯಾವುದು, ನನಗೆ ಗೊತ್ತಾಗುವುದಿಲ್ಲ.”

ಆಮೇಲೆ ಬೆರಳಿನಿಂದ ಮೇಲೆ ಸರಿಸಿ ಒಂದು ಸಂದೇಶವನ್ನು ತೋರಿಸಿದರು. ಬರೆದವನು ಇಲ್ಲಿಯೇ ಹುಟ್ಟಿ ಬೆಳೆದ, ಕಾಲೇಜಿನಲ್ಲಿ ಓದುತ್ತಿರುವ ಹುಡುಗ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ. ಅದೂ ಎಡವಿ ಮುಗ್ಗರಿಸುವ ಕನ್ನಡ. “ಅಜ್ಜಿ ನನಗೆ ಕರಜಿಕಾಯಿ ಕೊಟ್ಟರು. ನಾನು ಸಾಕು ಅಂದರೂ ಇನ್ನೊಂದು ತಗೋಪ್ಪಾ ಅಂದರು. ನಾನು ತುಂಬಾ ಅಳು ಬಂತು” — ಇಷ್ಟೇ. “ವ್ಯಾಕರಣ ತಪ್ಪಿದೆ,” ಎಂದರು ಹಿರಿಯರು, ನಿವೃತ್ತ ಉಪಾಧ್ಯಾಯರಲ್ಲವೆ! “ಆದರೆ ‘ತಗೋಪ್ಪಾ’ ಅನ್ನುವುದಿದೆಯಲ್ಲ, ಅದು ಅವಳದೇ ದನಿ. ದಿನಕ್ಕೆ ಒಂದು ಸಲ ಓದಿಕೊಳ್ಳುತ್ತೇನೆ.”

ಮನೆಗೆ ನಡೆದುಬರುವಾಗ ನಮಗೆ ಹೊಳೆದದ್ದು ಇದು. ೧೨೮೫೯೧ ಎಂಬ ಸಂಖ್ಯೆಯನ್ನು ಅರವತ್ತೊಂದು ಮಂದಿ ಕಳಿಸಿದರೂ ತಲುಪುವುದು ಅದೇ ಸಂಖ್ಯೆ. ತಂತಿಯ ಶುಭಾಶಯದ ಹಾಗೆಯೇ, ಅದು ಮರ್ಯಾದೆಯನ್ನು ಮುಟ್ಟಿಸುತ್ತದೆ. ದೂರದಲ್ಲಿರುವವರಿಗೆ, ಏನು ಹೇಳಬೇಕೆಂದು ತೋಚದವರಿಗೆ, ಅದು ಬಾಗಿಲವರೆಗೆ ಬಂದು ತಲೆಬಾಗಿದಂತೆ. ಅದಕ್ಕೆ ಬೆಲೆಯಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಒಳಗೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು ಮಾತಿಗೆ ಮಾತ್ರ ಸಾಧ್ಯ. ಆ ಹುಡುಗನ ವಾಕ್ಯವನ್ನು ಅವನಲ್ಲದೆ ಬೇರೆ ಯಾರೂ ಕಳಿಸುವಂತಿರಲಿಲ್ಲ.

‘ತಗೋಪ್ಪಾ’ ಎಂಬಲ್ಲಿಯ ಆ ‘ಅಪ್ಪಾ’ವನ್ನು ಸ್ವಲ್ಪ ನೋಡಿ. ತೆಗೆದುಹಾಕಿದರೆ ಅರ್ಥಕ್ಕೆ ಕೊರತೆಯಿಲ್ಲ. ಆದರೆ ಅಜ್ಜಿ ಹೋಗಿಬಿಡುತ್ತಾಳೆ. ನಮ್ಮ ಭಾಷೆಯ ಹೆಚ್ಚುಗಾರಿಕೆಯೇ ಇದು. ಪ್ರಶ್ನಾರ್ಥಕ, ಉದ್ಗಾರಚಿಹ್ನೆಗಳು ಮುದ್ರಣದೊಡನೆ ಇಂಗ್ಲಿಷಿನಿಂದ ಬಂದವುಗಳು. ಅದಕ್ಕೆ ಮುಂಚೆ ಕನ್ನಡ ಕುರುಡಾಗಿರಲಿಲ್ಲ. ಮಾತಿನ ಬಾಲದಲ್ಲಿಯೇ ಮೋರೆಯನ್ನು ಇಟ್ಟುಕೊಂಡಿತ್ತು. ‘ಬಂದರು’ ಎಂಬುದು ಬರಿಯ ಸುದ್ದಿ. ‘ಬಂದರಾ’ ಎಂದರೆ ಪ್ರಶ್ನೆ. ‘ಬಂದರಂತೆ’ ಎಂದರೆ ಹೊಣೆ ನನ್ನದಲ್ಲ. ‘ಬಂದರಲ್ಲ’ ಎಂದರೆ ಅಚ್ಚರಿ. ‘ಬಂದರೇನೋ’ ಎಂದರೆ ಅನುಮಾನ. ‘ಬಂದೇಬಿಟ್ಟರು’ ಎಂದರೆ ಅಡಿಗೆ ಇನ್ನೂ ಆಗಿಲ್ಲ! ಧಾರವಾಡದವರ ‘ರೀ’, ಮೈಸೂರಿನವರ ‘ಕಣಪ್ಪ’, ಮಂಗಳೂರು ಕಾಸರಗೋಡಿನವರ ‘ಮಾರಾಯ್ರೆ’ — ಒಂದೊಂದೂ ಒಂದೊಂದು ಮುಖ. ನಮ್ಮ ಮರಾಠಿ ನೆರೆಯವರ ‘ಅಹೋ’, ‘ಅಗಂ’ಗಳೂ ಇದೇ ಜಾತಿಯವು, ಆದುದರಿಂದಲೇ ಅವರಿಗೆ ಇದನ್ನು ವಿವರಿಸಬೇಕಾಗುವುದಿಲ್ಲ. ಪರಸ್ಥಳದಲ್ಲಿ ಬೆಳೆಯುವ ಮಕ್ಕಳ ಕನ್ನಡದಲ್ಲಿ ಮೊದಲು ಉದುರಿಹೋಗುವುದು ಈ ಬಾಲಗಳೇ. ‘ಅನ್ನ’, ‘ನೀರು’, ‘ಬಾ’, ‘ಹೋಗು’ ಉಳಿಯುತ್ತವೆ. ‘ಹೋಗಪ್ಪ’, ‘ಬಾರೇ’, ‘ಇರಲಿ ಬಿಡಿ’ ಕರಗುತ್ತವೆ. ಕರಗಿದ ಜಾಗದಲ್ಲಿ ಹಳದಿ ಮುಖ ಬಂದು ಕುಳಿತುಕೊಳ್ಳುತ್ತದೆ. ತಪ್ಪು ಮುಖದ್ದಲ್ಲ; ಜಾಗ ಖಾಲಿಯಿತ್ತು, ಬಂದಿತು.

ಆದುದರಿಂದ ನಮ್ಮ ಬಾಂಧವರಲ್ಲಿ ಒಂದು ಸಣ್ಣ ಸೂಚನೆ. ಚಿತ್ರಗಳನ್ನು ಬಿಡಬೇಕಾಗಿಲ್ಲ. ಚಿತ್ರಾನ್ನದ ಹೊಗಳಿಕೆಗೂ ಹಬ್ಬದ ಹಾರೈಕೆಗೂ ಧಾರಾಳವಾಗಿ ಬಳಸೋಣ. ಆದರೆ ಸಾವಿಗೆ ಸಂತಾಪ ಹೇಳುವಾಗ, ಮಕ್ಕಳ ಗೆಲುವನ್ನು ಮೆಚ್ಚುವಾಗ, ಕರೆದವರಿಗೆ ಬರಲಾಗದೆಂದು ತಿಳಿಸುವಾಗ, ಈ ಮೂರು ವೇಳೆಯಲ್ಲಿ ಚಿತ್ರದ ಪಕ್ಕಕ್ಕೆ ನಮ್ಮದೇ ಆದ ಒಂದು ಸಾಲು ಕನ್ನಡ ಇರಲಿ. ಯಾವ ಲಿಪಿಯಲ್ಲಾದರೂ ಬರೆಯಲಿ, ವ್ಯಾಕರಣ ತಪ್ಪಿದರೂ ತಪ್ಪಲಿ. ಅದನ್ನು ನೋಡಿ ಯಾರೂ ನಗಬಾರದು. ನಕ್ಕರೆ ಮಕ್ಕಳು ಮತ್ತೆ ಬರೆಯಲಾರರು.

ಮಕ್ಕಳಿಗಾಗಿ ನಮ್ಮ ಮನೆಯಲ್ಲಿ ಒಂದು ಆಟ ನಡೆದಿದೆ. ಎಂಟು ವರ್ಷದ ಮಗಳು ದಿನಕ್ಕೊಂದು ಮುಖವನ್ನು ಇಬ್ಬರು ಅಜ್ಜಿಯರಿಗೂ ಕಳಿಸಿ, “ಇದಕ್ಕೆ ಕನ್ನಡದಲ್ಲಿ ಏನಂತಾರೆ?” ಎಂದು ಫೋನಿನಲ್ಲಿ ಕೇಳಬೇಕು. ಕಣ್ಣು ಮೇಲಕ್ಕೆ ತಿರುಗಿಸಿದ ಮುಖಕ್ಕೆ ಧಾರವಾಡದಿಂದ “ಸಾಕ್ ಬಿಡವಾ” ಎಂದು ಉತ್ತರ ಬಂತು. ಮೈಸೂರಿನಿಂದ “ಹೂಂ, ಆಯ್ತು ಕಣೇ, ಆಯ್ತು” ಎಂದು. ನಾಚಿದ ಮುಖಕ್ಕೆ ಒಬ್ಬರು “ಹೋಗ, ಏನರ ಅಂತಿ” ಎಂದರೆ ಇನ್ನೊಬ್ಬರು “ಥೂ, ಸುಮ್ನಿರೇ” ಎಂದರು. ಎಲ್ಲವನ್ನೂ ಅವಳು ಒಂದು ನೋಟುಪುಸ್ತಕದಲ್ಲಿ ತನಗೆ ತಿಳಿದ ದೇವನಾಗರಿಯಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಈವರೆಗೆ ಹದಿನೇಳು ಮಾತುಗಳಾಗಿವೆ. ಮೊನ್ನೆ ‘ಕಣೇ’ ಎಂಬುದನ್ನು ಬರೆದು, ಅಜ್ಜಿ ಇದನ್ನು ಓದುವುದು ಹೇಗೆಂದು ಯೋಚಿಸಿ, ಕನ್ನಡದ ‘ಕ’ ಬರೆಯುವುದು ಹೇಗೆಂದು ತಾನಾಗಿಯೇ ಕೇಳಿದಳು. ತೋರಿಸಿಕೊಟ್ಟೆವು.